ದಿಡ್ಡಿ ಬಾಗಿಲಿನಿಂದ ಆಫೀಸಿಗೆ

ನಮಸ್ಕಾರ ಕೇಳುಗರೇ. ನಾನಿರೋದು ಬಾಗಲಕೋಟೆಯ ನವನಗರದಲ್ಲಿ, ಕೆಲಸ ಬೆಳಗಾವಿಯ ಒಂದು ಸಣ್ಣ ಆಫೀಸಿನಲ್ಲಿ, ಲೆಕ್ಕಪತ್ರದ್ದು. ದಿನಾ ಬಸ್ಸಿನಲ್ಲಿ ಹೋಗಿ ಬರೋದು ಆಗದ ಮಾತು, ಹಾಗಾಗಿ ವಾರದಲ್ಲಿ ನಾಲ್ಕು ದಿನ ಮನೆಯಿಂದಲೇ ಕೆಲಸ. ಮನೆಯಿಂದ ಆಫೀಸಿನ ಕಂಪ್ಯೂಟರಿಗೆ ಭದ್ರವಾಗಿ ಸೇರೋದು ಹೇಗೆ ಅನ್ನೋದೇ ಇವತ್ತಿನ ಮಾತು.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. ವಿಂಡೋಸ್‌ನಲ್ಲಿ ದೂರದಿಂದಲೇ ಕಂಪ್ಯೂಟರ್ ನಡೆಸೋಕೆ ರಿಮೋಟ್ ಡೆಸ್ಕ್‌ಟಾಪ್ ಇದೆ, ಅದು ನಡೆಯೋದು 3389ನೇ ಪೋರ್ಟಿನಲ್ಲಿ, ಪೋರ್ಟ್ ಅಂದ್ರೆ ನೆಟ್‌ವರ್ಕಿಗೆ ತೆರೆಯುವ ನಂಬರ್ ಇರುವ ಬಾಗಿಲು, ಆಫೀಸಿನ ರೌಟರ್‌ನಲ್ಲಿ ಆ ಪೋರ್ಟನ್ನು ಹೊರಗಿನಿಂದ ಒಳಕ್ಕೆ ಹಾಯಿಸಿಬಿಟ್ಟರೆ ಮುಗೀತು ಅಂತ ಯಾರೋ ಹೇಳಿದರು, ಹಾಯಿಸಿದೆ. ಐದು ನಿಮಿಷದ ಕೆಲಸ. ಮನೆಯಲ್ಲಿ ಕೂತು ಚಹಾ ಕುಡಿಯುತ್ತ ಆಫೀಸಿನ ಪರದೆ ನೋಡುವ ಖುಷಿ ಕೇಳಬೇಡಿ!

ಮೂರನೇ ದಿನ ಯಾಕೋ ಕಂಪ್ಯೂಟರ್ ನಿಧಾನ ಅನ್ನಿಸಿತು. ವಿಂಡೋಸ್‌ನ ದಿನಚರಿ ತೋರಿಸುವ ಈವೆಂಟ್ ವ್ಯೂವರ್ ತೆಗೆದು ನೋಡಿದರೆ ಉದ್ದಕ್ಕೂ ಒಂದೇ ಸಂಖ್ಯೆ, 4625, 4625, 4625. ಲಾಗಿನ್ ಆಗಲಿಲ್ಲ ಅಂತ ವಿಂಡೋಸ್ ಬರೆದಿಡುವ ಗುರುತು ಅದು. ಅಡ್ಮಿನ್, ಅಡ್ಮಿನಿಸ್ಟ್ರೇಟರ್, ಟೆಸ್ಟ್, ಹೀಗೆ ಒಂದೊಂದೇ ಹೆಸರು ಹಿಡಿದು ರಾತ್ರಿಯಿಡೀ ಯಾರೋ ಬಾಗಿಲು ಬಡಿದಿದ್ದಾರೆ. ಯಾರೋ ಅಂದ್ರೆ ಮನುಷ್ಯರಲ್ಲ, ಇಂಟರ್ನೆಟ್ಟಿನ ವಿಳಾಸಗಳನ್ನೆಲ್ಲ ಸಾಲಾಗಿ ತಡಕುತ್ತ ಹೋಗುವ ಪ್ರೋಗ್ರಾಂಗಳು. ನಮ್ಮದು ಸಣ್ಣ ಆಫೀಸು, ನಮ್ಮನ್ಯಾರು ಕೇಳ್ತಾರೆ ಅನ್ನೋ ಧೈರ್ಯ ಅಲ್ಲಿಗೇ ಇಳಿಯಿತು.

ಪೋರ್ಟ್ ನಂಬರ್ ಬದಲಿಸಿದರೆ? ಸುಮ್ನೆ. ಇರೋದೇ 65,535 ಪೋರ್ಟು, ಎಲ್ಲವನ್ನೂ ಬಡಿದು ನೋಡೋಕೆ ಯಂತ್ರಕ್ಕೇನು ಬೇಸರವೇ? ಗಟ್ಟಿ ಪಾಸ್‌ವರ್ಡ್ ಬೇಕೇ ಬೇಕು, ಆದರೆ 2019ರ ಮೇ ತಿಂಗಳಲ್ಲಿ ಬಯಲಾದ ಬ್ಲೂಕೀಪ್ ದೋಷ ನೋಡಿ, ವಿಂಡೋಸ್ 7 ಮತ್ತು ಅದಕ್ಕಿಂತ ಹಳೆಯವುಗಳಲ್ಲಿ ಪಾಸ್‌ವರ್ಡೇ ಇಲ್ಲದೆ ಒಳಗೆ ನುಗ್ಗಬಹುದಿತ್ತು. 2014ರಲ್ಲೇ ಕೈಬಿಟ್ಟಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ದೋಷ ಮುಚ್ಚುವ ತೇಪೆ ಕೊಟ್ಟಿತು.

ನಮ್ಮ ಕಡೆಯ ಹಳೇ ವಾಡೆಗಳನ್ನು ನೋಡಿದ್ದೀರಲ್ವಾ, ದೊಡ್ಡ ಬಾಗಿಲು ಹಾಕೇ ಇರುತ್ತದೆ, ಅದರೊಳಗೊಂದು ದಿಡ್ಡಿ ಬಾಗಿಲು, ಗುರುತಿನವರು ತಲೆ ಬಗ್ಗಿಸಿ ಬರಬೇಕು. ವಿಪಿಎನ್ ಅಂದ್ರೆ ಅದೇ, ಇಂಟರ್ನೆಟ್ಟಿನ ಮೂಲಕ ಆಫೀಸಿನ ನೆಟ್‌ವರ್ಕಿಗೆ ಗುರುತಿನವರಿಗಷ್ಟೇ ಇರುವ ಗುಟ್ಟಿನ ದಾರಿ. 3389 ಮುಚ್ಚಿ ನಾವು ವೈರ್‌ಗಾರ್ಡ್ ಅನ್ನೋ ವಿಪಿಎನ್ ಹಾಕಿಕೊಂಡೆವು. 2020ರಿಂದ ಅದು ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ಲಿನೊಳಗೇ ಇದೆ. ನನಗೆ ಇಷ್ಟವಾದದ್ದು ಅದರ ಮೌನ. ಸರಿಯಾದ ಕೀ, ಅಂದ್ರೆ ಉದ್ದನೆಯ ಗುಪ್ತ ಸಂಕೇತ, ಇಲ್ಲದವರು ಎಷ್ಟು ಬಡಿದರೂ "ಯಾರು?" ಅಂತಲೂ ಕೇಳೋದಿಲ್ಲ, ಮನೆಯಲ್ಲಿ ಯಾರೂ ಇಲ್ಲವೇನೋ ಅನ್ನೋ ಹಾಗೆ. ಒಬ್ಬೊಬ್ಬರ ಲ್ಯಾಪ್‌ಟಾಪಿಗೆ ಒಂದೊಂದು ಕೀ. ಒಂದು ಕಳೆದುಹೋದರೆ ಆ ಕೀ ಅಷ್ಟೇ ಅಳಿಸಿದರಾಯಿತು.

ಆದರೆ ಮೊದಲ ದಿನ ಅರ್ಧ ದಿನ ತಲೆ ಕೆಟ್ಟಿತ್ತು. ವಿಪಿಎನ್ ಕೂಡಿದೆ ಅಂತ ತೋರಿಸುತ್ತದೆ, ಆಫೀಸಿನ ಫೈಲು ಮಾತ್ರ ಸಿಗೋದಿಲ್ಲ! ಕೊನೆಗೆ ತಿಳಿಯಿತು: ಮನೆಯ ನೆಟ್‌ವರ್ಕಿನ ವಿಳಾಸ ಶುರುವಾಗೋದು 192.168.1 ಅಂತ, ಆಫೀಸಿನದ್ದೂ 192.168.1. ಒಂದೇ ಊರಲ್ಲಿ ಒಂದೇ ಹೆಸರಿನ ಎರಡು ಓಣಿ ಇದ್ದ ಹಾಗೆ, ಟಪಾಲು ಮನೆಯಲ್ಲೇ ಸುತ್ತುತ್ತಿತ್ತು. ಮನೆಯ ರೌಟರ್‌ನಲ್ಲಿ ಕೊನೆಯ 1ನ್ನು 57 ಮಾಡಿದೆ, ಸರಿಹೋಯಿತು.

ಹೇಗೂ ರೌಟರ್ ಒಳಗೆ ಹೋಗಿದ್ದೆ, ನೋಡಿದರೆ ಅದರ ಪಾಸ್‌ವರ್ಡ್ ಇನ್ನೂ ಅಡ್ಮಿನ್! ಬದಲಿಸಿದೆ. ಪಾಸ್‌ವರ್ಡ್ ಬದಲು ಪಿನ್ ಹಾಕಿ ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ಬಂದ್ ಮಾಡಿದೆ. ಅದರ ಪಿನ್ ಹೆಸರಿಗೆ ಎಂಟು ಅಂಕಿ, ಪರೀಕ್ಷಿಸೋದು ಎರಡು ತುಂಡು ಮಾಡಿ, ಹೆಚ್ಚೆಂದರೆ 11,000 ಸಲ ಯತ್ನಿಸಿದರೆ ಸಿಕ್ಕೇ ಸಿಗುತ್ತದೆ ಅಂತ 2011ರಲ್ಲೇ ಗೊತ್ತಾಗಿದೆ. ಮಕ್ಕಳ ಮೊಬೈಲು, ಟಿವಿ, ಬಂದ ನೆಂಟರು ಎಲ್ಲ ಗೆಸ್ಟ್ ವೈಫೈಗೆ, ಅಂದ್ರೆ ನೆಂಟರಿಗೆ ಅಂತ ಇರುವ ಬೇರೆ ವೈಫೈಗೆ. ಮಗ ಎರಡು ದಿನ ಮುಖ ಊದಿಸಿಕೊಂಡಿದ್ದ.

ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದರೂ ವಿಪಿಎನ್ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಮೊನ್ನೆ ಮತ್ತೆ ಈವೆಂಟ್ ವ್ಯೂವರ್ ನೋಡಿದೆ. ಇಡೀ ವಾರಕ್ಕೆ ಒಂದೇ ಒಂದು 4625. ಎದೆ ಧಸಕ್ ಅಂತು. ಸಮಯ ನೋಡಿದರೆ ಸೋಮವಾರ ಬೆಳಗ್ಗೆ, ಕ್ಯಾಪ್ಸ್ ಲಾಕ್ ಹಾಕಿಕೊಂಡು ಪಾಸ್‌ವರ್ಡ್ ಒತ್ತಿದ್ದು ನಾನೇ.