ಕುಕ್ಕರಹಳ್ಳಿ ಕೆರೆಯಲ್ಲಿ ಕಲ್ಲುಹೂ ಹುಡುಕಾಟ

ಇದು ಬೆಳಗ್ಗೆ ಆರೂವರೆ, ಅದಕ್ಕೇ ಸ್ವಲ್ಪ ಮಬ್ಬು. ಕಾಂಡದ ಮೇಲೆ ಬೂದಿ-ಹಸಿರು ತೇಪೆ ಕಾಣ್ತಿದೆಯಲ್ಲ, ಅದೇ ಕಲ್ಲುಹೂ. ಪಲಾವ್‌ಗೆ ಹಾಕ್ತೀವಲ್ಲ, ಅದರ ನೆಂಟ. ಗಿಡ ಅಲ್ಲ, ಒಂದು ಶಿಲೀಂಧ್ರ, ಒಂದು ಪಾಚಿ ಸೇರಿ ಹೂಡಿರೋ ಸಂಸಾರ.

ಭೂತಕನ್ನಡಿಯಲ್ಲಿ ನೋಡಿ, ಅಂಚು ಒಣಗಿದ ಹಪ್ಪಳದ ಹಾಗೆ ಮುದುರಿದೆ. ಎರಡು ಹನಿ ನೀರು ಬಿಟ್ಟೆ... ಹಸಿರಾಯ್ತು, ನೋಡಿದ್ರಾ! ಬೇರಿಲ್ಲ, ಎಲೆಗಿರೋ ಮೇಣದ ಪದರವೂ ಇಲ್ಲ. ಗಾಳಿ, ಮಳೆಯಲ್ಲಿ ಏನು ಬಂದ್ರೂ ಮೈಯೆಲ್ಲ ಬಾಯಾಗಿ ಹೀರುತ್ತೆ. ಕಲ್ಲಿದ್ದಲು ಉರಿದಾಗ ಬರೋ ಸಲ್ಫರ್ ಡೈಆಕ್ಸೈಡ್ ಒಳಗೆ ಹೋದ್ರೆ ಪಾಚಿಯ ಪತ್ರಹರಿತ್ತೇ ಕೆಡುತ್ತೆ. ಪಾಚಿ ಅಡುಗೆ ನಿಲ್ಲಿಸಿದ್ರೆ ಶಿಲೀಂಧ್ರಕ್ಕೂ ಉಪವಾಸ.

ಮೈಸೂರಿನ ಈ ಕೆರೆ ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು. ಅದಾಗಿ ಎರಡೇ ವರ್ಷಕ್ಕೆ, ಪ್ಯಾರಿಸ್‌ನ ಲಕ್ಸೆಂಬರ್ಗ್ ಉದ್ಯಾನದ ಕಲ್ಲುಹೂ ನೋಡಿ, ಇದರಿಂದ ಗಾಳಿ ಎಷ್ಟು ಚೆನ್ನಾಗಿದೆ ಅಂತ ಅಳೀಬಹುದು ಅಂದವರು ನೈಲಾಂಡರ್ ಅನ್ನೋ ವಿಜ್ಞಾನಿ.

ಸರಿ, ರಸ್ತೆಗೆ ಬಂದ್ವಿ. ಇಲ್ಲಿ ನಾನು ಸುಮ್ನೆ ನಿಂತುಬಿಟ್ಟಿದ್ದೀನಲ್ಲ, ಯಾಕೆ ಅಂತ ಹೇಳ್ತೀನಿ. ಹೋದ ವರ್ಷ ಫೋಟೋ ತೆಗೆದಿದ್ದ ಮಳೆಮರ ಇದು. ಅಂಗೈಯಗಲದ ತೇಪೆ ಇತ್ತು, ಅಳತೆಗೆ ಅಂತ ಪಕ್ಕದಲ್ಲಿ ರೂಪಾಯಿ ನಾಣ್ಯ ಹಿಡಿದಿದ್ದೆ. ಈ ಸಲ ಬೆಳೆದಿದೆಯೋ ಕುಗ್ಗಿದೆಯೋ ನೋಡೋಕಂತಲೇ ಬಂದಿದ್ದು. ಎದೆಮಟ್ಟಕ್ಕೆ ಬಿಳಿ ಪೇಂಟ್ ಬಳಿದು, ಮೇಲೊಂದು ಕೆಂಪು ಪಟ್ಟಿ ಎಳೆದಿದ್ದಾರೆ! ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯೋದು ಇದು. ಎಷ್ಟು ವರ್ಷದ ಬೆಳವಣಿಗೆ ಹೋಯ್ತು ಲೆಕ್ಕ ಹಾಕಿ. ರಾತ್ರಿ ಗಾಡಿಯವರಿಗೆ ಮರ ಕಾಣಬೇಕು, ಒಪ್ತೀನಿ. ಒಂದು ರಿಫ್ಲೆಕ್ಟರ್ ಪಟ್ಟಿ ಕಟ್ಟಿದ್ರೆ ಸಾಕಾಗ್ತಿರ್ಲಿಲ್ವಾ? ಉಗುರಲ್ಲಿ ಕೆರೆದೆ. ಪೇಂಟ್ ಜೊತೆ ಬೂದಿ ಪುಡಿ ಎದ್ದು ಬಂತು. ತುಂಬಾ ಸಂಕಟ ಆಯ್ತು.

ಪೇಂಟ್‌ಗಿಂತ ಮೇಲೆ ಝೂಮ್ ಮಾಡಿದ್ದೀನಿ, ಹಳದಿ ಚಕ್ಕೆ ಕಾಣ್ತಿದೆ, ಅದೂ ಕಲ್ಲುಹೂವೇ. ಕಲ್ಲುಹೂ ಇದ್ರೆ ಗಾಳಿ ಶುದ್ಧ ಅಂತ ಹಿಂದಿನ ವಿಡಿಯೋದಲ್ಲಿ ಹೇಳಿದ್ದೆ. ತಪ್ಪು, ಆ ಮಾತು ವಾಪಸ್. ಗಾಡಿ ಹೊಗೆಯ ಸಾರಜನಕದ ಆಕ್ಸೈಡ್, ಕೊಟ್ಟಿಗೆಯ ಅಮೋನಿಯಾ ಇದ್ದಲ್ಲೇ ಸೊಂಪಾಗಿ ಬೆಳೆಯೋ ಜಾತಿಗಳೂ ಇವೆ. ಯಾವುದಿದೆ ಅಂತ ನೋಡಬೇಕು. ಗಾಳಿ ಕೆಟ್ಟರೆ ಸಾಮಾನ್ಯವಾಗಿ ಪೊದೆ ಥರ ಜೋತಾಡೋವು ಮೊದಲು ಮಾಯ, ತೊಗಟೆಗೆ ಅಂಟಿಕೊಂಡಿರೋವು ಕೊನೆಗೆ. ಎರಡು ಜಾಗ ಹೋಲಿಸೋದಾದ್ರೆ ಮರವೂ ಒಂದೇ ಜಾತಿದಾಗಿರಬೇಕು. ನೀಲಗಿರಿ ತೊಗಟೆ ಕಳಚುತ್ತೆ, ಅಲ್ಲಿ ಹುಡುಕಿ ಸಿಗಲಿಲ್ಲ ಅಂತ ಗಾಳಿಯನ್ನ ಬೈಬೇಡಿ.

ಹಾಂ, ಅಮ್ಮ ಕೇಳಿದ್ರು, ಇದನ್ನೇ ಕೆರೆದು ಮಸಾಲೆಗೆ ಹಾಕಬಹುದಾ ಅಂತ. ರಸ್ತೆ ಬದಿದು ಬೇಡವೇ ಬೇಡ ಅಮ್ಮ, ಸೀಸದಂಥ ಲೋಹ ಎಲ್ಲ ಹೀರಿ ಕೂತಿರುತ್ತೆ.

ಶಾಟ್ ಮುಗೀತಿದೆ. ಏರಿ ಒಳಗಡೆ ಬೇರೆ ಮಳೆಮರ ಹಿಡಿದಿದ್ದೀನಿ, ಇದಕ್ಕೆ ಯಾರೂ ಪೇಂಟ್ ಬಳಿದಿಲ್ಲ. ಪಕ್ಕದಲ್ಲಿ ಅದೇ ನಾಣ್ಯ. ಇದರ ತೇಪೆ ಇವತ್ತು ನಾಣ್ಯಕ್ಕಿಂತ ಒಂದು ಕೂದಲೆಳೆ ದೊಡ್ಡದಿದೆ.