ಡ್ರೈವರ್ ಜಾರ್ ಡೌನ್‌ಲೋಡ್ಸ್ ಫೋಲ್ಡರಲ್ಲಿ ಇಡೋದು ಬಿಡ್ರಪ್ಪ

ನಮಸ್ಕಾರ ಎಲ್ರಿಗೂ. ಜಾವಾ ಪ್ರೋಗ್ರಾಮನ್ನ ಮೈಎಸ್‌ಕ್ಯೂಎಲ್ ಡೇಟಾಬೇಸಿಗೆ ಸೇರ್ಸೋ ಪ್ರಾಜೆಕ್ಟ್ ಟೈಮಲ್ಲಿ ಹಾಸನದ ಹುಡುಗ್ರು ಕಳ್ಸೋ ಸ್ಕ್ರೀನ್‌ಶಾಟಲ್ಲೆಲ್ಲ ಅದೇ ಕೆಂಪು ಸಾಲು, 'ನೋ ಸೂಟಬಲ್ ಡ್ರೈವರ್ ಫೌಂಡ್', ಕೆಳಗೆ 'ಅಣ್ಣ ಕಂಪೈಲ್ ಆಗುತ್ತೆ, ರನ್ ಯಾಕಾಗಲ್ಲ' ಅಂತ. ಕಂಪೈಲ್ ಆಗದೆ ಏನು ಗುರು? ಕನೆಕ್ಷನ್, ಸ್ಟೇಟ್‌ಮೆಂಟ್, ರಿಸಲ್ಟ್‌ಸೆಟ್ ಎಲ್ಲ ಬರೀ ಇಂಟರ್‌ಫೇಸು, ಅಂದ್ರೆ ಏನೇನು ಮಾಡ್ಬೇಕು ಅನ್ನೋ ಪಟ್ಟಿ ಅಷ್ಟೆ, ಜಾವಾ ಜೊತೆಗೇ ಬರ್ತವೆ, ಮೈಎಸ್‌ಕ್ಯೂಎಲ್ ಹತ್ರ ನಿಜವಾಗ್ಲೂ ಮಾತಾಡೋ ಕೋಡ್ ಇರೋದು ಕನೆಕ್ಟರ್ ಜೆ ಅನ್ನೋ ಡ್ರೈವರಿನ ಜಾರ್ (ಜಾವಾ ಕೋಡ್ ಕಟ್ಟಿಟ್ಟ ಫೈಲು) ಒಳಗೆ, ಅದು ಬೇಕಾಗೋದು ರನ್ ಆಗೋವಾಗ್ಲೇ.

ಈಗ ಲ್ಯಾಬಲ್ಲಿ ಏನು ಹೇಳ್ಕೊಡ್ತಾರೆ, ಎಕ್ಲಿಪ್ಸ್ ಅನ್ನೋ ಕೋಡ್ ಬರ್ಯೋ ಸಾಫ್ಟ್‌ವೇರಲ್ಲಿ ರೈಟ್ ಕ್ಲಿಕ್, ಬಿಲ್ಡ್ ಪಾತ್, ಆಡ್ ಎಕ್ಸ್‌ಟರ್ನಲ್ ಜಾರ್ಸ್, ಡೌನ್‌ಲೋಡ್ಸಿಂದ ಎತ್ತಿ ಹಾಕು, ಮುಗೀತು. ನಂಗೆ ಸಿಟ್ಟು ಬರೋದೇ ಇಲ್ಲಿ. ಎಕ್ಲಿಪ್ಸ್ ಆ ಜಾರನ್ನ ಪ್ರಾಜೆಕ್ಟ್ ಒಳಗೆ ತಗೊಳಲ್ಲ ಕಣ್ರೋ, ಡಾಟ್ ಕ್ಲಾಸ್‌ಪಾತ್ ಅನ್ನೋ ಫೈಲಲ್ಲಿ ಸಿ ಡ್ರೈವ್, ಯೂಸರ್ಸ್, ನಿಮ್ಮ ಹೆಸ್ರು, ಡೌನ್‌ಲೋಡ್ಸ್ ಅಂತ ಪೂರ್ತಿ ಅಡ್ರೆಸ್ ಬರ್ಕೊಳುತ್ತೆ ಅಷ್ಟೆ, ಆಮೇಲೆ ಪೆನ್‌ಡ್ರೈವಲ್ಲಿ ತಗೊಂಡೋಗಿ ಎಕ್ಸಾಮಿನರ್ ಮುಂದೆ ಲ್ಯಾಬ್ ಸಿಸ್ಟಮಲ್ಲಿ ಓಪನ್ ಮಾಡಿದ್ರೆ ಅಲ್ಲಿ ನಿಮ್ಮ ಹೆಸ್ರಿನ ಯೂಸರೇ ಇರಲ್ಲ, ಇನ್ನು ಜಾರ್ ಎಲ್ಲಿಂದ ಬರ್ಬೇಕು.

ಮೇಲಿಂದ ಡ್ರೈವರನ್ನ ಕೈಯಿಂದ ಲೋಡ್ ಮಾಡೋ ಕ್ಲಾಸ್ ಡಾಟ್ ಫಾರ್‌ನೇಮ್ ಅನ್ನೋ ಸಾಲು ಬೇರೆ. 2006ರಲ್ಲಿ ಜಾವಾ 6 ಬಂದಾಗಿಂದ ಜಾರ್ ಕ್ಲಾಸ್‌ಪಾತಲ್ಲಿ, ಅಂದ್ರೆ ಜಾವಾ ಕೋಡ್ ಹುಡ್ಕೋ ಜಾಗಗಳಲ್ಲಿ, ಇದ್ರೆ ಡ್ರೈವರ್ ತಾನೇ ಲೋಡ್ ಆಗುತ್ತೆ, ಸಾಮಾನ್ಯ ಪ್ರೋಗ್ರಾಮಿಗೆ ಆ ಸಾಲು ಬೇಕಾಗೇ ಇಲ್ಲ, ಆದ್ರೂ ರೆಕಾರ್ಡ್ ಬುಕ್ಕಲ್ಲಿ ಇಲ್ದಿದ್ರೆ ಮಾರ್ಕ್ಸ್ ಕಟ್!

ನನ್ ಪ್ರಕಾರ ಮೊದಲ್ನೇ ದಿನದಿಂದ್ಲೇ ಮೇವನ್ ಅನ್ನೋ ಬಿಲ್ಡ್ ಟೂಲ್ ಹೇಳ್ಕೊಡ್ಬೇಕು. ಅದರ ಪಾಮ್ ಅನ್ನೋ ಸೆಟ್ಟಿಂಗ್ ಫೈಲಲ್ಲಿ ಡಿಪೆಂಡೆನ್ಸಿ, ಅಂದ್ರೆ ಬೇಕಾದ ಜಾರಿನ ಹೆಸ್ರು, ಹಾಕಿದ್ರೆ ಜಾರನ್ನ ಅದೇ ನೆಟ್ಟಿಂದ ತರ್ಸುತ್ತೆ. ಹಳೇ ಪಿಡಿಎಫ್ ನೋಡಿ ಹೆಸ್ರು ಹಾಕ್ಬೇಡಿ ಮಾತ್ರ, 2022ರಲ್ಲಿ 8.0.31 ಇಂದ ಗ್ರೂಪ್ ಐಡಿ ಕಾಮ್ ಡಾಟ್ ಮೈಎಸ್‌ಕ್ಯೂಎಲ್, ಆರ್ಟಿಫ್ಯಾಕ್ಟ್ ಮೈಎಸ್‌ಕ್ಯೂಎಲ್ ಕನೆಕ್ಟರ್ ಜೆ, ಸ್ಕೋಪ್ ರನ್‌ಟೈಮ್ ಸಾಕು. ಸಕಲೇಶಪುರದ ಕಡೆಯೋರು 'ಮಳೆಗಾಲದಲ್ಲಿ ಕರೆಂಟೇ ಇರಲ್ಲ, ನೆಟ್ ಎಲ್ಲಿಂದ ತರೋದಣ್ಣ' ಅಂತಾರೆ, ನ್ಯಾಯವೇ. ಹಾಸನದಲ್ಲಿ ನೆಟ್ ಇರೋವಾಗ ಒಂದ್ಸಲ ಪೂರ್ತಿ ಬಿಲ್ಡ್ ಮಾಡ್ಕೊಳಿ, ಎಲ್ಲ ಡಾಟ್ ಎಂ2 ಫೋಲ್ಡರಲ್ಲಿ ಉಳಿಯುತ್ತೆ, ಮನೇಲಿ ಎಂವಿಎನ್ ಮೈನಸ್ ಓ (ಮೇವನ್ನಿನ ಆಫ್‌ಲೈನ್ ಕಮಾಂಡು) ಅಂತ ಕೊಟ್ರೆ ನೆಟ್ ಕೇಳಲ್ಲ. ಆದ್ರೆ ಊರಿಗೆ ಹೋಗಿ ಪಾಮಲ್ಲಿ ವರ್ಷನ್ ಮುಟ್ಟಿದ್ರೋ, ಹೊಸ ಜಾರಿಗೆ ಮತ್ತೆ ನೆಟ್ ಬೇಕು, ಕೆಟ್ರಿ.

ಟಾಮ್‌ಕ್ಯಾಟ್ ಅನ್ನೋ ಜಾವಾ ವೆಬ್ ಸರ್ವರಿಗೆ ಪ್ರಾಜೆಕ್ಟನ್ನ ಕೈಯಿಂದ ಹಾಕೋರು ಜಾರನ್ನ ವೆಬ್ ಇನ್ಫ್ ಒಳಗಿನ ಲಿಬ್‌ಗೆ ಹಾಕಿ, ಬರೀ ಬಿಲ್ಡ್ ಪಾತ್ ಸಾಲಲ್ಲ. ಇಷ್ಟಾದ್ಮೇಲೆ 'ಆಕ್ಸೆಸ್ ಡಿನೈಡ್' ಅಂತ ಬಂದ್ರೆ ಗಾಬರಿ ಬೀಳ್ಬೇಡಿ, ಡ್ರೈವರ್ ಸಿಕ್ಕಿ ಮೈಎಸ್‌ಕ್ಯೂಎಲ್ ಪೋರ್ಟ್ 3306ರ ತನಕ ಹೋಗಿದೆ ಅಂತರ್ಥ, ಯೂಸರ್‌ನೇಮು ಪಾಸ್‌ವರ್ಡು ನೋಡ್ಕೊಳಿ.