ಓಡೆಗಾರ್ಡ್: ಪಾಳು ಬಿದ್ದ ಜಮೀನಿನ ಹೆಸರು

ಎಲ್ಲರಿಗೂ ನಮಸ್ಕಾರ. ಇವತ್ತು ಫುಟ್‌ಬಾಲ್ ಮಾತಾಡಲ್ಲ, ಆದ್ರೆ ಒಬ್ಬ ಫುಟ್‌ಬಾಲ್ ಆಟಗಾರನ ಬೆನ್ನ ಮೇಲಿರೋ ಹೆಸರಿನ ಬಗ್ಗೆ ಮಾತಾಡೋಣ. ಆರ್ಸೆನಲ್ ತಂಡದ ಮಾರ್ಟಿನ್ ಓಡೆಗಾರ್ಡ್. ನಾವು ಓಡೆಗಾರ್ಡ್ ಅಂತೀವಿ. ನಾರ್ವೆಯವರ ಬಾಯಲ್ಲಿ ಕೊನೇ 'ಡ್' ಕೇಳಿಸೋದೇ ಇಲ್ಲ, 'ಗಾರ್ಡ್' ಅನ್ನೋದು 'ಗೋರ್' ಆಗುತ್ತೆ. ಮೊದಲಿನ ಸ್ವರ ಓಕಾರಕ್ಕೂ ಏಕಾರಕ್ಕೂ ನಡುವೆ ಎಲ್ಲೋ ಇದೆ. ಅದಕ್ಕೆ ನಮ್ಮಲ್ಲಿ ಅಕ್ಷರವೇ ಇಲ್ಲ, ಬಿಡಿ.

ಆ ಹೆಸರಿನ ಅರ್ಥ ಏನು ಗೊತ್ತಾ? ಪಾಳು ಬಿದ್ದ ಜಮೀನು. ಜನ ಬಿಟ್ಟುಹೋದ ಹೊಲಮನೆ. ಪೇಪರ್‌ನಲ್ಲಿ, ಕಾಮೆಂಟರಿಯಲ್ಲಿ, ಮಕ್ಕಳ ಜೆರ್ಸಿ ಮೇಲೆ ಎಲ್ಲಾ ಕಡೆ ಓಡಾಡ್ತಿರೋದು ಒಂದು ಹಾಳು ಜಾಗದ ಹೆಸರು. ಈ ಹೆಸರು ನಾರ್ವೆ ತುಂಬ ಹಬ್ಬಿದ್ದು ಯಾವುದೋ ಒಂದು ಮನೆತನ ಬೆಳೆದು ಶಾಖೆ ಒಡೆದದ್ದರಿಂದ ಅಲ್ಲ. ಅಷ್ಟೊಂದು ಜಮೀನು ಖಾಲಿಯಾದದ್ದರಿಂದ. ಅಡ್ಡಹೆಸರು ಅಂದ ಕೂಡಲೇ ವಂಶ, ರಕ್ತ, ಮೂಲಪುರುಷ ಅಂತ ಹೊರಡೋರಿಗೆ ಈ ಹೆಸರು ಒಳ್ಳೇ ಉತ್ತರ ಕೊಡುತ್ತೆ.

1349ನೇ ಇಸವಿ. ಇಂಗ್ಲೆಂಡಿನಿಂದ ಬಂದ ಒಂದು ಹಡಗು ಬರ್ಗೆನ್ ಬಂದರಿಗೆ ಪ್ಲೇಗ್ ತಂತು ಅಂತ ಐಸ್‌ಲೆಂಡಿನ ಹಳೇ ವಾರ್ಷಿಕ ದಾಖಲೆಗಳು ಹೇಳ್ತವೆ. ನಾರ್ವೆಯ ಜನರಲ್ಲಿ ಅರ್ಧದಷ್ಟು, ಪ್ರಾಯಶಃ ಅದಕ್ಕಿಂತ ಹೆಚ್ಚು ಮಂದಿ ಸತ್ತರು ಅನ್ನೋದು ಇತಿಹಾಸಕಾರರ ಅಂದಾಜು. ಅಲ್ಲಿನ ಜನಪದದಲ್ಲಿ ಪ್ಲೇಗ್ ಅಂದ್ರೆ ಒಬ್ಬಳು ಮುದುಕಿ, ಹೆಸರು ಪೆಸ್ತಾ. ಊರೂರು ಸುತ್ತುತ್ತಾಳೆ. ಕೈಯಲ್ಲಿ ಹುಲ್ಲು ಎಳೆಯೋ ಹಲ್ಲುಕೋಲು ಇದ್ದರೆ ಒಂದಿಬ್ಬರಾದರೂ ಅದರ ಸಂದಿಯಲ್ಲಿ ನುಸುಳಿ ಉಳೀತಾರೆ. ಪೊರಕೆ ಹಿಡಿದು ಬಂದಳು ಅಂದ್ರೆ ಮುಗೀತು, ಮನೆಯಲ್ಲಿ ಒಬ್ಬರೂ ಉಳಿಯಲ್ಲ. ಯೂಸ್ಟೆದಾಲ್ ಅನ್ನೋ ಕಣಿವೆಯಲ್ಲಿ ಒಂದೇ ಒಂದು ಹೆಣ್ಣುಮಗು ಬದುಕಿತ್ತಂತೆ. ಜನ ಹತ್ತಿರ ಹೋದರೆ ಕಾಡುಹಕ್ಕಿ ಥರ ಓಡಿಹೋಗ್ತಿತ್ತಂತೆ, ಹಾಗಾಗಿ ಅದಕ್ಕೆ ಹಕ್ಕಿಯ ಹೆಸರನ್ನೇ ಇಟ್ಟರಂತೆ. ಇದು ದಂತಕಥೆ, ದಾಖಲೆ ಅಲ್ಲ. ಆದ್ರೆ ಇಂಥ ಕಥೆ ಸುಮ್ಮನೆ ಹುಟ್ಟಲ್ಲ.

ಈಗ ಜಮೀನಿಗೆ ಬರೋಣ. ನಾರ್ವೆಯಲ್ಲಿ ಬಹುಪಾಲು ನಮ್ಮ ಹಾಗೆ ಮನೆಗೆ ಮನೆ ತಾಗಿದ ಹಳ್ಳಿ ಇಲ್ಲ. ಅಲ್ಲಿರೋದು ಒಂಟಿ ಒಂಟಿ ಗೋರ್. ಒಂದು ಮನೆ, ದನದ ಕೊಟ್ಟಿಗೆ, ಕಾಳು ತುಂಬೋಕೆ ಮರದ ಕಣಜ, ಸುತ್ತ ಹೊಲ, ಹುಲ್ಲುಗಾವಲು, ಹಿಂದೆ ಕಾಡು. ಪ್ರತಿ ಗೋರ್‌ಗೂ ಒಂದು ಹೆಸರು. ಪ್ಲೇಗ್ ಮುಗಿದಾಗ ಭೂಮಿ ಬೇಕಾದಷ್ಟಿತ್ತು, ಉಳೋ ಕೈ ಇರಲಿಲ್ಲ. ಗೇಣಿ ಮೊದಲಿನ ಕಾಲುಭಾಗದಷ್ಟಕ್ಕೆ ಇಳೀತು. ಹಾಗಿದ್ದಾಗ ಬೆಟ್ಟದ ಮೇಲಿನ ಕಲ್ಲುಭೂಮಿಯಲ್ಲಿ, ಹಿಮ ತಡವಾಗಿ ಕರಗೋ ಜಾಗದಲ್ಲಿ ಯಾರು ಕೂತಿರ್ತಾರೆ? ಬದುಕಿ ಉಳಿದೋರೂ ಕೆಳಗಿಳಿದು ಬಂದು ಒಳ್ಳೇ ಹೊಲ ಹಿಡಿದರು. ಅಂದ್ರೆ ಕೆಲವು ಗೋರ್ ಸಾವಿನಿಂದ ಖಾಲಿಯಾದವು, ಕೆಲವು ಗೇಣಿ ಲೆಕ್ಕಾಚಾರದಿಂದ. ಈ ಎರಡನೇ ಕಾರಣವನ್ನ ಜನ ಹೇಳೋದು ಕಮ್ಮಿ, ಅದರಲ್ಲಿ ಕಣ್ಣೀರಿಲ್ಲ ನೋಡಿ. 1970ರ ದಶಕದಲ್ಲಿ ನಾರ್ಡಿಕ್ ದೇಶಗಳ ಇತಿಹಾಸಕಾರರು ಒಟ್ಟಾಗಿ ಈ ಪಾಳು ಜಮೀನುಗಳ ಬಗ್ಗೆಯೇ ಒಂದು ದೊಡ್ಡ ಸಂಶೋಧನೆ ನಡೆಸಿದರು, ವಿಷಯ ಅಷ್ಟು ದೊಡ್ಡದು.

ಖಾಲಿ ಬಿದ್ದ ಗೋರ್‌ನಲ್ಲಿ ಪಕ್ಕದೋರು ಹುಲ್ಲು ಕೊಯ್ದರು, ದನ ಮೇಯಿಸಿದರು. ಹೀಗೇ ನೂರೈವತ್ತು, ಇನ್ನೂರು ವರ್ಷ. ಹದಿನಾರು, ಹದಿನೇಳನೇ ಶತಮಾನದಲ್ಲಿ ಜನ ಮತ್ತೆ ಹೆಚ್ಚಿದರು. ಕಿರಿಯ ಮಕ್ಕಳು, ಭೂಮಿ ಇಲ್ಲದೋರು ಆ ಹಳೇ ಜಾಗಕ್ಕೆ ಹತ್ತಿ ಹೋಗಿ ಗಿಡಗಂಟಿ ಕಡಿದರು. ಎಷ್ಟೋ ಕಡೆ ಗೋರ್‌ನ ಮೊದಲಿನ ಹೆಸರು ಯಾರಿಗೂ ನೆನಪಿರಲಿಲ್ಲ. 'ಆ ಪಾಳು ಜಮೀನು' ಅಂತಲೇ ಕರೆದರು. ನಮ್ಮ ಕಂದಾಯ ದಾಖಲೆಯಲ್ಲಿ ಬೇಚರಾಕ್ ಗ್ರಾಮ ಅಂತ ಬರುತ್ತಲ್ಲ, ಜನ ಇಲ್ಲದ ಊರು, ಅದಕ್ಕೆ ಹತ್ತಿರದ್ದು. ಅಲ್ಲಿನ ತೆರಿಗೆಯವರೂ ಕಮ್ಮಿ ಇರಲಿಲ್ಲ. ಹದಿನೇಳನೇ ಶತಮಾನದಲ್ಲಿ ಜಮೀನನ್ನ ಮೂರು ದರ್ಜೆ ಮಾಡಿದರು: ಪೂರ್ತಿ ಗೋರ್, ಅರ್ಧ ಗೋರ್, ಓಡೆಗೋರ್. ಕೊನೇದಕ್ಕೆ ಪೂರ್ತಿ ತೆರಿಗೆಯ ಕಾಲುಭಾಗ. ಒಲೆ ಉರೀತಾ ಇದೆ, ಕೊಟ್ಟಿಗೆಯಲ್ಲಿ ಹಸು ಇದೆ, ಮಕ್ಕಳು ಅಂಗಳದಲ್ಲಿ ಆಡ್ತಿದ್ದಾರೆ, ಆದ್ರೂ ಕಾಗದದಲ್ಲಿ ಅದು 'ಪಾಳು'.

ಆ ಕಾಗದ ಬರೆದೋರ ಭಾಷೆ ಡ್ಯಾನಿಶ್. 1814ರವರೆಗೆ ನಾರ್ವೆ ಡೆನ್ಮಾರ್ಕಿನ ರಾಜನ ಕೈಕೆಳಗಿತ್ತು. ಹಳ್ಳಿಯ ಮಾತಿನಲ್ಲಿ ಈ ಹೆಸರು 'ಓಯ್ಗಾರ್' ಅನ್ನೋ ಥರ ಇದ್ದ ಕಡೆಯೂ ಪಾದ್ರಿ, ಗುಮಾಸ್ತರು ತಮ್ಮ ಬರವಣಿಗೆಗೆ ಒಪ್ಪೋ ಹಾಗೆ 'ಓಡೆಗೋರ್' ಅಂತ ಬರೆದುಕೊಂಡರು. ಎರಡೂ ಇವತ್ತಿಗೂ ಅಡ್ಡಹೆಸರಾಗಿ ಉಳಿದಿವೆ.

ಇನ್ನು ಜಾಗದ ಹೆಸರು ಮನುಷ್ಯನಿಗೆ ಅಂಟಿದ್ದು ಹೇಗೆ? ಹಳೇ ಪದ್ಧತಿ ಸರಳ. ಹಾನ್ಸ್ ಅನ್ನೋನ ಮಗ ಊಲೆ, ಅಂದ್ರೆ ಊಲೆ ಹಾನ್ಸೆನ್. ಹೌಗೆನ್, ಅಂದ್ರೆ ದಿಬ್ಬ, ಆ ಹೆಸರಿನ ಗೋರ್‌ನಲ್ಲಿದ್ದರೆ ಊಲೆ ಹಾನ್ಸೆನ್ ಹೌಗೆನ್. ಅಲ್ಲಿಂದ ಬಾಕೆನ್ ಅನ್ನೋ ಗೋರ್‌ಗೆ ಹೋದನೋ, ಊಲೆ ಹಾನ್ಸೆನ್ ಬಾಕೆನ್. ಮಗಳು ಕಾರಿ ಊಲ್ಸ್‌ದಾತ್ತರ್. ಮದುವೆಯಾಗಿ ಹೆಂಡತಿಯ ಗೋರ್‌ಗೆ ಬಂದ ಅಳಿಯನಿಗೂ ಆ ಗೋರ್‌ನ ಹೆಸರೇ. ಯಜಮಾನನಿಗೂ, ಅವನ ಜಮೀನಿನ ಮೂಲೆಯಲ್ಲಿ ಗುಡಿಸಲು ಹಾಕ್ಕೊಂಡು ಕೂಲಿ ಮಾಡೋನಿಗೂ ಒಂದೇ ಹೆಸರು ಇರಬಹುದಿತ್ತು. ಹೆಸರು ಕೇಳಿದ ಕೂಡಲೇ ಜಾತಿ, ಅಂತಸ್ತಿನ ಲೆಕ್ಕ ಹಾಕೋ ನಮಗೆ ಇದು ತಲೆಗೆ ಹತ್ತೋದು ಕಷ್ಟ. ಅದು ವಿಳಾಸ ಅಷ್ಟೇ.

ಆ ವಿಳಾಸವನ್ನ ಗಟ್ಟಿ ಮಾಡಿದ್ದು 1923ರ ಹೆಸರಿನ ಕಾನೂನು. ಪ್ರತಿ ಕುಟುಂಬಕ್ಕೂ ಒಂದು ಖಾಯಂ ಅಡ್ಡಹೆಸರು ಇರಲೇಬೇಕು ಅಂತಾಯ್ತು. ಪಟ್ಟಣದಲ್ಲಿ ಅಷ್ಟು ಹೊತ್ತಿಗೇ ತಂದೆ ಹೆಸರಿನ 'ಸೆನ್' ಗಟ್ಟಿಯಾಗಿತ್ತು. ಅದಕ್ಕೇ ಇವತ್ತಿಗೂ ನಾರ್ವೆಯ ಅಡ್ಡಹೆಸರುಗಳ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ಹಾನ್ಸೆನ್, ಯೊಹಾನ್ಸೆನ್, ಊಲ್ಸೆನ್. ಚೆಸ್‌ನ ಮ್ಯಾಗ್ನಸ್ ಕಾರ್ಲ್‌ಸನ್ ಅದೇ ಗುಂಪು. ಬೆರ್ಗ್, ಹೌಗೆನ್, ಹಾಗೆನ್ ಥರದ ಜಮೀನಿನ ಹೆಸರುಗಳು ಅವುಗಳ ಹಿಂದೆ ಬರ್ತವೆ, ಓಡೆಗೋರ್ ಇನ್ನೂ ಹಿಂದೆ. ಎರ್ಲಿಂಗ್ ಹಾಲಂಡ್ ಕೂಡ ಜಮೀನಿನ ಹೆಸರಿನೋನೇ.

ಈಗ ನನ್ನ ಸಿಟ್ಟು ಹೇಳಿಬಿಡ್ತೀನಿ. ಇಂಟರ್ನೆಟ್‌ನಲ್ಲಿ 'ನಿಮ್ಮ ಅಡ್ಡಹೆಸರಿನ ರಾಜಲಾಂಛನ' ಅಂತ ಮಗ್ಗು, ಟೀ ಶರ್ಟು, ಚೌಕಟ್ಟು ಹಾಕಿದ ಪಟ ಮಾರ್ತಾರೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಎಷ್ಟೋ ಬೇರೆ ಬೇರೆ ಕಣಿವೆಗಳಲ್ಲಿ ಓಡೆಗೋರ್ ಇತ್ತು. ಇಬ್ಬರು ಓಡೆಗಾರ್ಡ್‌ಗಳು ಎದುರುಬದುರು ಕೂತರೆ ಅವರು ನೆಂಟರು ಅಂತ ಆ ಹೆಸರಿನ ಆಧಾರದ ಮೇಲೆ ಹೇಳೋಕೇ ಆಗಲ್ಲ. ಹೀಗಿರುವಾಗ ಈ ಹೆಸರಿಗೆಲ್ಲ ಸೇರಿ ಒಂದು ಲಾಂಛನ ಎಲ್ಲಿಂದ ಬಂತು? ದುಡ್ಡು ಕೊಡೋರು ಇದ್ದಾರೆ, ಅಷ್ಟೇ. ಹೆಚ್ಚಾಗಿ ಅಮೆರಿಕದೋರು. 1825ರಿಂದ ನೂರು ವರ್ಷದಲ್ಲಿ ಸುಮಾರು ಎಂಟು ಲಕ್ಷ ಜನ ನಾರ್ವೆ ಬಿಟ್ಟು ಉತ್ತರ ಅಮೆರಿಕಕ್ಕೆ ಹೋದರು. ಅಲ್ಲಿ ಈ ಹೆಸರಿನ ಮೊದಲಕ್ಷರ 'Ø' ಮೇಲಿನ ಅಡ್ಡಗೆರೆ ಉದುರಿಹೋಗಿ ಬರೀ 'O' ಉಳೀತು. ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಓಡೆಗಾರ್ಡ್ ಲೈಬ್ರರಿ ಇದೆ, ಅಲ್ಲಿ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಓಡೆಗಾರ್ಡ್ ಹೆಸರಲ್ಲಿ. ತಮಾಷೆ ಅಂದ್ರೆ ಅವರು ಓದಿಸ್ತಿದ್ದದ್ದು ಮಧ್ಯಯುಗದ ಇತಿಹಾಸ.

ಇನ್ನೊಂದು ವಿಷಯ. 2003ರ ಜನವರಿಯಿಂದ ನಾರ್ವೆಯಲ್ಲಿ ಜಾರಿಯಲ್ಲಿರೋ ಹೊಸ ಹೆಸರಿನ ಕಾನೂನಿನ ಪ್ರಕಾರ ಇನ್ನೂರು ಜನ ಅಥವಾ ಅದಕ್ಕಿಂತ ಕಮ್ಮಿ ಜನ ಇಟ್ಕೊಂಡಿರೋ ಅಡ್ಡಹೆಸರಿಗೆ ರಕ್ಷಣೆ ಇದೆ, ಅದನ್ನ ಹೊರಗಿನೋರು ತಗೋಬೇಕು ಅಂದ್ರೆ ಆ ಹೆಸರಿನೋರ ಒಪ್ಪಿಗೆ ಬೇಕು. ಓಡೆಗೋರ್‌ಗೆ ಆ ಕಾಟ ಇಲ್ಲ, ಜನ ಬೇಕಾದಷ್ಟಿದ್ದಾರೆ. ಆಸ್ಲೋದಲ್ಲಿ ನೆಲೆಸಿರೋ ನಮ್ಮ ಕನ್ನಡದೋರಿಗೆ ಬರೀ ಇನಿಷಿಯಲ್ ಸಾಲಲ್ಲ, ಅಡ್ಡಹೆಸರು ಕಡ್ಡಾಯ. ಅಪ್ಪನ ಹೆಸರನ್ನ ಕೊನೆಗೆ ಹಾಕಿ ಮುಗಿಸ್ತಾರೆ, ಮುಂದಿನ ತಲೆಮಾರಿಗೂ ಅದೇ ಹೋಗುತ್ತೆ. ಹಾನ್ಸೆನ್ ಆಗಿದ್ದೂ ಹೀಗೇ. ಅದು ಬೇಡ, ಓಡೆಗೋರ್ ಬೇಕು ಅಂದ್ರೂ ತಡೆಯೋರಿಲ್ಲ. ಅರ್ಜಿ ಕೊಡಬೇಕಾದದ್ದು ತೆರಿಗೆ ಇಲಾಖೆಗೆ.